ಕೆಳಗಿನ ಮನೆಯ ಫೋನು

ನಾನು ಕಂಪ್ಯೂಟರ್ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಯಾರೂ ಕಲಿ ಎಂದು ಹೇಳಿರಲಿಲ್ಲ, ಯಾವ ಕೆಲಸಕ್ಕೂ ಬೇಕಾಗಿರಲಿಲ್ಲ. ಸಾರಕ್ಕಿಯ ಹಳೇ ಊರಿನೊಳಗೆ ನಮ್ಮದು ಮೂರಂತಸ್ತಿನ ಮನೆ. ಕೆಳಗೆ ಎರಡು ಬಾಡಿಗೆ ಮನೆ, ನಡುವೆ ನಾವು, ಮೇಲೊಂದು ಬಾಡಿಗೆ ಮನೆ. ನಮ್ಮ ಯಜಮಾನರದು ಪೇಂಟ್ ಅಂಗಡಿ. ಮಧ್ಯಾಹ್ನ ಊಟಕ್ಕೆ ಬಂದು ಹೋದರೆ ಮತ್ತೆ ಅವರು ಬರುವುದು ಕತ್ತಲಾದ ಮೇಲೆಯೇ. ಮಗಳು ಕಾಲೇಜಿಗೆ ಸೇರಿ ಹೊಸ ಲ್ಯಾಪ್‌ಟಾಪ್ ಕೊಂಡಾಗ ಹಳೆಯದು ಬೀರುವಿನ ಮೇಲೆ ಹೋಗಿ ಕುಳಿತಿತು. ಅದು ಆನ್ ಆಗುವಷ್ಟರಲ್ಲಿ ಒಂದು ಕಾಫಿ ಮಾಡಿ ಕುಡಿಯಬಹುದಿತ್ತು. ರಿಪೇರಿಯವನು ಎಸೆದುಬಿಡಿ ಎಂದ. ನನಗೆ ಎಸೆಯಲು ಮನಸ್ಸು ಬರಲಿಲ್ಲ. ಇಂಥ ಹಳೆಯ ಯಂತ್ರಕ್ಕೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಬಹುದು ಎಂದು ಎಲ್ಲೋ ಓದಿದೆ. ಮೂರು ಸಲ ಕೆಡಿಸಿ, ನಾಲ್ಕನೆಯ ಸಲ ಹಾಕಿದೆ. ಅದು ಓಡಿತು.

ಅಲ್ಲಿಂದ ಮಧ್ಯಾಹ್ನ ಎರಡರಿಂದ ನಾಲ್ಕೂವರೆಯವರೆಗಿನ ಹೊತ್ತು ನನ್ನದಾಯಿತು. ಬಿ.ಎಸ್ಸಿ. ಓದಿ ಇಪ್ಪತ್ತು ವರ್ಷ ಸಾರು ಕುದಿಸಿದವಳಿಗೆ, ತಪ್ಪು ಬರೆದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂದು ಸಮಾಧಾನವಾಗಿ ತೋರಿಸುವ ಯಂತ್ರ ಸಿಕ್ಕಿತ್ತು. ಕೋಡ್ ಬರೆಯಲು ಕಲಿತೆ. ಫೋನಿನಲ್ಲಿ ಕನ್ನಡ ಟೈಪ್ ಮಾಡುವ ಒಂದು ಉಚಿತ ಕೀಬೋರ್ಡ್ ಇತ್ತು. ಅದರ ಒಳಗಿನ ಕೋಡನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಅದರಲ್ಲಿ ಒತ್ತಕ್ಷರವೊಂದನ್ನು ಅಳಿಸಲು ಹೋದರೆ ಇಡೀ ಅಕ್ಷರವೇ ಹೋಗುತ್ತಿತ್ತು. ಎರಡು ತಿಂಗಳು ಒದ್ದಾಡಿ ಏಳು ಸಾಲು ಬದಲಿಸಿ ಕಳುಹಿಸಿದೆ. ನಾನು ಎಂದೂ ನೋಡದ ಯಾರೋ ಒಬ್ಬರು ಅದನ್ನು ಪರೀಕ್ಷಿಸಿ, ಸೇರಿಸಿದ್ದೇನೆ, ಧನ್ಯವಾದ ಎಂದು ಬರೆದರು. ಆ ದಿನ ಮಜ್ಜಿಗೆಹುಳಿಗೆ ಎರಡು ಸಲ ಉಪ್ಪು ಹಾಕಿದೆ.

ಕೋಡ್ ಬರೆಯಲು ಬಳಸುತ್ತಿದ್ದ ಎಡಿಟರ್ ತಂತ್ರಾಂಶ ಕೂಡ ನಾನು ಏನೇನು ಮಾಡುತ್ತೇನೆಂದು ಎಲ್ಲಿಗೋ ವರದಿ ಕಳುಹಿಸುತ್ತದೆ ಎಂದು ತಿಳಿದದ್ದು ಆಮೇಲೆ. ಅದನ್ನು ಬದಲಿಸಿದೆ. ನಂತರ ನನ್ನ ಫೋನಿನಲ್ಲಿ ಕಂಪನಿ ಹಾಕಿಕೊಟ್ಟಿದ್ದನ್ನೆಲ್ಲ ಅಳಿಸಿ, ಯಾರಿಗೂ ಏನನ್ನೂ ಹೇಳದ ಒಂದು ಮುಕ್ತ ವ್ಯವಸ್ಥೆ ಹಾಕಿಕೊಂಡೆ. ಸ್ವಲ್ಪ ಹುಚ್ಚೇ ಹಿಡಿಯಿತು ಎನ್ನಬೇಕು. ಮದುವೆ ಮನೆಗಳಲ್ಲಿ ಊಟದ ಸಾಲಿನಲ್ಲಿ ಕೂತು, ಯಾವ ಆ್ಯಪು ಯಾರ ನಂಬರ್ ಓದುತ್ತದೆ ಎಂದು ಪಕ್ಕದವರಿಗೆ ವಿವರಿಸುತ್ತಿದ್ದೆ. ನಾದಿನಿ ಒಂದು ಸಲ ನಗುತ್ತಾ, ‘ನಮ್ಮ ಹತ್ರ ಕದ್ಕೊಂಡು ಹೋಗೋಕೆ ಏನಿದೆ ಅತ್ತಿಗೆ, ಈ ಪಾಯಸದ ರೆಸಿಪಿನಾ?’ ಎಂದಳು.

ಕೆಳಗಿನ ಎರಡು ಮನೆಗಳಲ್ಲಿ ಒಂದಕ್ಕೆ ಗಂಡ ಹೆಂಡತಿ ಬಂದು ಎಂಟು ತಿಂಗಳಾಗಿತ್ತು. ಹುಡುಗಿಗೆ ಇಪ್ಪತ್ತೇಳು ಇಪ್ಪತ್ತೆಂಟು ಇರಬೇಕು. ಜಯನಗರದ ಬಟ್ಟೆ ಅಂಗಡಿಯೊಂದರಲ್ಲಿ ಬಿಲ್ಲಿಂಗ್ ಕೆಲಸ. ಗಂಡ ಬಿಟಿಎಂ ಲೇಔಟಿನಲ್ಲಿ ಎಸಿ ಸರ್ವೀಸ್ ಮಾಡುವ ಕಂಪನಿಯ ಮೇಲ್ವಿಚಾರಕ. ತುಂಬ ಮರ್ಯಾದಸ್ಥ. ಮೆಟ್ಟಿಲಲ್ಲಿ ಎದುರಾದರೆ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ. ನೀರಿನ ಮೋಟಾರ್ ಕೆಟ್ಟಾಗ ನಾವು ಕರೆಯುವ ಮೊದಲೇ ಬಂದು ನೋಡುತ್ತಿದ್ದ. ಇಂಥ ಬಾಡಿಗೆದಾರರು ಸಿಗುವುದು ನಮ್ಮ ಪುಣ್ಯ ಎಂದು ಯಜಮಾನರು ಹೇಳುತ್ತಿದ್ದರು.

ವಾರದ ರಜೆಯ ಒಂದು ಮಧ್ಯಾಹ್ನ ಆ ಹುಡುಗಿ ಮೇಲೆ ಬಂದಳು. ಬಾಗಿಲಲ್ಲೇ ನಿಂತು, ‘ಆಂಟಿ, ನಿಮಗೆ ಫೋನ್ ಬಗ್ಗೆ ಗೊತ್ತಲ್ವಾ?’ ಎಂದಳು.

‘ಒಳಗೆ ಬಾ. ಏನಾಗಿದೆ? ತೋರ್ಸು.’

‘ಫೋನ್ ಕೆಳಗೇ ಬಿಟ್ಟು ಬಂದಿದ್ದೀನಿ. ನಮ್ಮ ಮಾತು ಅದಕ್ಕೆ ಕೇಳಿಸಬಾರದು ಅಂತ ಅಕ್ಕಿ ಡಬ್ಬದಲ್ಲಿ ಇಟ್ಟಿದ್ದೀನಿ.’

ಕೂರಿಸಿ ಕೇಳಿದೆ. ಅವಳ ತಾಯಿ ಹುಳಿಮಾವಿನಲ್ಲಿದ್ದರು. ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದರು. ತವರಿಗೆ ಪದೇಪದೇ ಹೋಗುವುದು ಗಂಡನಿಗೆ ಇಷ್ಟವಿಲ್ಲವೆಂದು, ಹಿಂದಿನ ವಾರ ಊಟದ ಬಿಡುವಿನ ಜೊತೆಗೆ ಒಂದು ಗಂಟೆ ಪರ್ಮಿಷನ್ ಕೇಳಿ, ಆಟೋದಲ್ಲಿ ಹೋಗಿ ನೋಡಿ ಬಂದಿದ್ದಳು. ಯಾರಿಗೂ ಹೇಳಿರಲಿಲ್ಲ. ಸಂಜೆ ಗಂಡ ಬಂದು, ಶೂ ಬಿಚ್ಚುತ್ತಾ, ‘ಅತ್ತೆ ಕಾಲು ಹೇಗಿದೆ ಈಗ?’ ಎಂದನಂತೆ. ಅಷ್ಟೇ. ಬೈಯಲಿಲ್ಲ. ಊಟದಲ್ಲಿ ಒಂದು ಮಾತಾಡಲಿಲ್ಲ. ಮೂರು ದಿನ ಮಾತಾಡಲಿಲ್ಲ.

‘ತಮ್ಮನ ಹತ್ರ ಮೆಸೇಜಲ್ಲಿ ಏನ್ ಮಾತಾಡಿದ್ದೆ ಅಂತಾನೂ ಗೊತ್ತು ಆಂಟಿ ಅವರಿಗೆ. ನನಗೆ ತಲೆ ಕೆಟ್ಟಿದೆಯಾ ಅಂತ ಅನ್ನಿಸ್ತಿದೆ.’

ಫೋನ್ ತರಿಸಿಕೊಂಡು ನೋಡಿದೆ. ಬ್ಯಾಟರಿಗೆ ಸಂಬಂಧಿಸಿದ್ದು ಎಂಬಂತೆ ಹೆಸರಿಟ್ಟುಕೊಂಡ ಒಂದು ಆ್ಯಪ್ ಒಳಗೆ ಅಡಗಿ ಕೂತಿತ್ತು. ಮುಂದಿನ ಪರದೆಯಲ್ಲಿ ಅದರ ಗುರುತೇ ಇಲ್ಲ. ಅವಳು ಇರುವ ಜಾಗ, ಮೆಸೇಜು, ಮೈಕು, ಪರದೆಯ ಮೇಲೆ ಮೂಡುವ ಪ್ರತಿ ಅಕ್ಷರ, ಎಲ್ಲದಕ್ಕೂ ಅದಕ್ಕೆ ಅನುಮತಿ ಕೊಡಲಾಗಿತ್ತು. ‘ನಿನಗೆ ತಲೆ ಕೆಟ್ಟಿಲ್ಲ. ನೋಡು, ಇದೇ’ ಎಂದು ತೋರಿಸಿದೆ. ಅವಳು ಪರದೆಯನ್ನು ಬಹಳ ಹೊತ್ತು ನೋಡುತ್ತಾ ಕೂತಳು. ಅಳಲಿಲ್ಲ. ‘ಫೋನು ಅವರೇ ತಂದುಕೊಟ್ಟಿದ್ದು, ನನ್ನ ಬರ್ತ್‌ಡೇಗೆ’ ಎಂದಳು.

ಆ ಗಳಿಗೆಯಲ್ಲಿ ನನಗೆ ಅವಳ ಮೇಲೆ ಕನಿಕರ ಬಂದದ್ದು ನಿಜ. ಅದಕ್ಕಿಂತ ಹೆಚ್ಚಾಗಿ ಉತ್ಸಾಹ ಬಂತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಏಳು ವರ್ಷ ಮಧ್ಯಾಹ್ನಗಳನ್ನು ಸುರಿದು ಕಲಿತದ್ದು ಕಡೆಗೂ ಒಬ್ಬರಿಗೆ ಬೇಕಾಗಿತ್ತು. ಅವಳ ಫೋನಿನ ಮಾದರಿಗೆ ನನ್ನ ಮುಕ್ತ ವ್ಯವಸ್ಥೆ ಹೊಂದುತ್ತದೆಯೇ ಎಂದು ಪಟ್ಟಿಯಲ್ಲಿ ನೋಡಿದೆ. ಹೊಂದುತ್ತಿತ್ತು. ‘ಎಲ್ಲಾ ಅಳಿಸಿ ಹೊಸದಾಗಿ ಹಾಕಿಕೊಡ್ತೀನಿ. ಆಮೇಲೆ ಯಾರೂ ಏನೂ ನೋಡೋಕಾಗಲ್ಲ’ ಎಂದೆ.

‘ಅವರಿಗೆ ಗೊತ್ತಾಗಲ್ವಾ ಆಂಟಿ?’

‘ಫೋನ್ ಕೆಟ್ಟಿತ್ತು, ಸರಿ ಮಾಡಿಸ್ದೆ ಅನ್ನು.’

ಅವಳ ಪ್ರಶ್ನೆಗೆ ನಾನು ಕೊಟ್ಟ ಗಮನ ಅಷ್ಟೇ. ಫೋಟೋಗಳನ್ನೂ ನಂಬರುಗಳನ್ನೂ ಪೆನ್‌ಡ್ರೈವಿಗೆ ಹಾಕಿಕೊಂಡೆ. ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಅವಳು ಹೊಸ ಪರದೆಯನ್ನು ಬೆರಳಿನಿಂದ ಅತ್ತಿತ್ತ ಸರಿಸಿ ನೋಡಿ, ‘ಖಾಲಿ ಖಾಲಿ ಇದೆ’ ಎಂದು ಸ್ವಲ್ಪ ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮಾರನೆಯ ದಿನ ಅಂಗಡಿಯಲ್ಲಿ ಹಾಜರಿ ಹಾಕುವ ಆ್ಯಪ್ ತೆರೆದುಕೊಳ್ಳಲಿಲ್ಲ. ಈ ಸಾಧನ ಸುರಕ್ಷಿತವಲ್ಲ ಎಂದು ಬರೆದು ತೋರಿಸಿತಂತೆ. ಬ್ಯಾಂಕಿನ ಆ್ಯಪ್ ಕೂಡ ಹಾಗೇ. ಸಂಜೆ ಬಂದು ಹೇಳಿದಳು. ನನ್ನ ಫೋನಿನಲ್ಲೂ ಬ್ಯಾಂಕಿನ ಆ್ಯಪ್ ಓಡುತ್ತಿರಲಿಲ್ಲ. ಆದರೆ ನಾನು ಬ್ಯಾಂಕಿಗೆ ನಡೆದುಕೊಂಡು ಹೋಗುತ್ತಿದ್ದೆ. ನನಗೆ ಹಾಜರಿ ಹಾಕಬೇಕಾದ ಅಂಗಡಿ ಇರಲಿಲ್ಲ. ನನ್ನ ಮಟ್ಟಿಗೆ ಅದು ಹೆಮ್ಮೆಯ ಸಂಗತಿಯಾಗಿತ್ತು, ಅವಳಿಗೆ ಅರ್ಧ ದಿನದ ಗೈರುಹಾಜರಿ. ಕೀಬೋರ್ಡಿನ ಮುಂದೆ ಕೂತು ಏನೇನೋ ಪ್ರಯತ್ನಿಸಿದೆ. ಕೋಡ್ ಬರೆಯಲು ನೆರವಾಗುವ ಎಐ ಉಪಕರಣವನ್ನೂ ಕೇಳಿದೆ. ಅದು ಆತ್ಮವಿಶ್ವಾಸದಿಂದ ಮೂರು ದಾರಿ ಹೇಳಿತು, ಮೂರೂ ನಡೆಯಲಿಲ್ಲ. ‘ಮ್ಯಾನೇಜರ್ ಸರಿಯಾದ ಫೋನ್ ತಗೊಂಡು ಬಾ ಅಂದ್ರು ಆಂಟಿ’ ಎಂದಳು. ನಾಳೆಯವರೆಗೆ ಸಮಯ ಕೊಡು ಎಂದೆ.

ಅದರ ಮಾರನೆಯ ದಿನ ಭಾನುವಾರ. ಬೆಳಿಗ್ಗೆ ಗಂಡನೇ ಮೇಲೆ ಬಂದ, ಹಿಂದೆ ಅವಳು. ನಮ್ಮ ಯಜಮಾನರೂ ಮನೆಯಲ್ಲಿದ್ದರು. ಅವನು ಸ್ನಾನ ಮಾಡಿ ವಿಭೂತಿ ಇಟ್ಟುಕೊಂಡು ಬಂದಿದ್ದ. ಕೈಯಲ್ಲಿ ಫೋನಿತ್ತು.

‘ಮೇಡಂ, ನೀವು ಕಂಪ್ಯೂಟರ್ ಎಲ್ಲಾ ಚೆನ್ನಾಗಿ ಕಲ್ತಿದ್ದೀರಂತೆ. ಇವಳು ಹೇಳಿದ್ಲು’ ಎಂದ. ‘ಪಾಪ, ಇವಳಿಗೆ ಕೆಲಸದಲ್ಲಿ ತೊಂದ್ರೆ ಆಗ್ತಿದೆ. ಮೊದಲು ಹೇಗಿತ್ತೋ ಹಾಗೆ ಮಾಡಿಕೊಡ್ತೀರಾ?’

ನಾನು ಅವಳ ಮುಖ ನೋಡಿದೆ. ಅವಳು ಟೀಪಾಯಿಯ ಮೇಲಿದ್ದ ಪೇಪರ್ ನೋಡುತ್ತಿದ್ದಳು.

‘ಅವಳಿಗೆ ಹೇಗೆ ಬೇಕೋ ಹಾಗೆ ಮಾಡೋಣ’ ಎಂದೆ.

‘ಹೇಳು’ ಎಂದ ಅವನು ಅವಳ ಕಡೆ ತಿರುಗಿ, ಮೆತ್ತಗೆ.

‘ಮೊದಲಿನ ಥರಾನೇ ಮಾಡಿಕೊಡಿ ಆಂಟಿ.’

ನಮ್ಮ ಯಜಮಾನರು, ‘ಮಾಡಿಕೊಡು, ಅದೇನು ದೊಡ್ಡ ಕೆಲ್ಸ’ ಎಂದು ಕಾಫಿ ತರಲು ಒಳಗೆ ಹೋದರು. ಅವರಿಗೆ ನಾನು ಏನನ್ನೂ ಹೇಳಿರಲಿಲ್ಲ. ನಾನು ಲ್ಯಾಪ್‌ಟಾಪ್ ತಂದು ಅವರೆದುರೇ ಕೂತೆ. ಫೋನ್ ಕಂಪನಿಯ ಮೂಲ ಫೈಲುಗಳನ್ನು ಇಳಿಸಿಕೊಂಡು ಹಾಕಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವನು ಯಜಮಾನರ ಜೊತೆ ಸಾರಕ್ಕಿ ಸಿಗ್ನಲ್ಲಿನ ಟ್ರಾಫಿಕ್ ಬಗ್ಗೆ, ಹೊಸ ಪೇಂಟುಗಳ ಬಗ್ಗೆ ಮಾತಾಡಿದ. ಅವಳು ಒಂದು ಲೋಟ ಕಾಫಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದಳು. ಬೇಡ, ಆಗಲ್ಲ, ಫೋನ್ ಪೂರ್ತಿ ಹಾಳಾಯಿತು ಎಂದು ನಾನು ಸುಳ್ಳು ಹೇಳಬಹುದಿತ್ತು. ಆಗ ಹೊಳೆಯಲಿಲ್ಲ. ಹೊಳೆದಿದ್ದರೂ ಅವನು ಇನ್ನೊಂದು ಫೋನ್ ತಂದುಕೊಡುತ್ತಿದ್ದ.

ಕೆಲಸ ಮುಗಿದ ಕೂಡಲೇ ಅವನು ಕೈ ಚಾಚಿ ಫೋನ್ ತೆಗೆದುಕೊಂಡ. ಪರದೆ ನಮಗೆ ಕಾಣದ ಹಾಗೆ ಸ್ವಲ್ಪ ಓರೆಯಾಗಿ ಹಿಡಿದು ಹತ್ತು ನಿಮಿಷ ಏನೋ ಒತ್ತಿದ. ಬೆರಳುಗಳಿಗೆ ದಾರಿ ಗೊತ್ತಿತ್ತು. ನಂತರ ಅದನ್ನು ಅವಳ ಮಡಿಲಲ್ಲಿಟ್ಟು, ‘ಥ್ಯಾಂಕ್ಸ್ ಮೇಡಂ, ಇನ್ಮೇಲೆ ನಿಮಗೆ ತೊಂದ್ರೆ ಕೊಡಲ್ಲ’ ಎಂದ.

ಅವರು ಹೋದ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಅವರು, ‘ಗಂಡ ಹೆಂಡ್ತಿ ವಿಷಯ. ನಾವು ನಡುವೆ ಹೋದ್ರೆ ಅವಳಿಗೇ ಕಷ್ಟ’ ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಕಷ್ಟ ಆಗಲೇ ಆಗಿತ್ತು, ಅದನ್ನು ಮಾಡಿದವಳು ನಾನು.

ಎರಡು ದಿನ ಬಿಟ್ಟು ಅವಳು ಟೆರೇಸಿನಲ್ಲಿ ಬಟ್ಟೆ ಒಣಗಿಹಾಕುವಾಗ ಹೋದೆ. ಕೈಯಲ್ಲಿ ಫೋನ್ ಇಲ್ಲದ್ದನ್ನು ನೋಡಿಕೊಂಡೇ ಮಾತು ತೆಗೆದೆ. ‘ನಮ್ಮನೇಲಿ ಬಂದು ಇರು. ಇಲ್ಲಾ ಅಮ್ಮನ ಮನೆಗೆ ಹೋಗ್ತೀಯಾ? ನಾನೇ ಬಿಟ್ಟು ಬರ್ತೀನಿ. ಸ್ಟೇಷನ್ನಿಗೆ ಬೇಕಾದ್ರೂ ಜೊತೆಗೆ ಬರ್ತೀನಿ.’

‘ಏನಂತ ಬರೆಸ್ಲಿ ಆಂಟಿ?’ ಎಂದಳು, ಒದ್ದೆ ಟವೆಲ್ ಕೊಡವುತ್ತಾ. ‘ಅವರು ಹೊಡಿಯಲ್ಲ, ಕುಡಿಯಲ್ಲ. ನಾನು ಎಲ್ಲಿದ್ದೀನಿ ಅಂತ ನೋಡ್ತಾರೆ ಅಂತ ಹೇಳ್ಲಾ? ಒಳ್ಳೇದೇ ಅಲ್ವಾಮ್ಮಾ, ಕಾಳಜಿ ಇದೆ ಅಂತಾರೆ ಪೊಲೀಸರು. ನಮ್ಮಮ್ಮನೂ ಅದನ್ನೇ ಅಂದ್ರು.’ ಟವೆಲನ್ನು ತಂತಿಗೆ ಹಾಕಿ, ‘ಮೊದಲು ನಾನು ಗೊತ್ತಿಲ್ಲದ ಹಾಗೆ ಇದ್ದೆ. ಈಗ ನನಗೆ ಗೊತ್ತು ಅನ್ನೋದು ಅವರಿಗೂ ಗೊತ್ತಾಗಿದೆ. ಅದೇ ಕಷ್ಟ’ ಎಂದಳು. ಬಕೆಟ್ ಎತ್ತಿಕೊಂಡು ಇಳಿದುಹೋದಳು.

ಜಯನಗರದಲ್ಲಿ ಹೆಂಗಸರಿಗೆ ಸಲಹೆ ಕೊಡುವ ಒಂದು ಕಚೇರಿ ಇದೆ ಎಂದು ತಿಳಿದು, ಒಬ್ಬಳೇ ಹೋದೆ. ಅಲ್ಲಿದ್ದ ನಡುವಯಸ್ಸಿನ ಮೇಡಂ ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು.

‘ಆ ಆ್ಯಪಿನ ಫೋಟೋ ಏನಾದ್ರೂ ತೆಗೆದಿದ್ದೀರಾ?’ ಎಂದರು.

‘ಇಲ್ಲ. ಅಳಿಸಿಬಿಟ್ಟೆ.’

‘ಅದು ಯಾವಾಗ ಹಾಕಿದ್ದು, ಎಲ್ಲಿಗೆ ಕಳಿಸ್ತಿತ್ತು, ಏನಾದ್ರೂ?’

‘ಎಲ್ಲಾ ಅಳಿಸಿಬಿಟ್ಟೆ.’

ಅವರು ಪೆನ್ ಕೆಳಗಿಟ್ಟರು. ‘ನಾವು ತಕ್ಷಣ ತೆಗೆಸೋದಿಲ್ಲ ಮೇಡಂ. ಹೆಂಡತಿಗೆ ಗೊತ್ತಾಗಿದೆ ಅಂತ ಗಂಡನಿಗೆ ತಿಳಿದ ದಿನವೇ ಅಪಾಯ ಜಾಸ್ತಿ. ಮೊದಲು ಆಕೆ ಎಲ್ಲಿಗೆ ಹೋಗಬಹುದು, ಆಕೆಗೆ ಯಾರಿದ್ದಾರೆ, ಅದನ್ನೆಲ್ಲಾ ಕೇಳ್ತೀವಿ. ಫೋನು ಕೊನೆಗೆ’ ಎಂದರು. ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ಅವಳೇ ಬಂದರೆ ನೋಡೋಣ ಎಂದು ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟರು. ಚೀಟಿಯನ್ನು ಅವಳಿಗೆ ತಲುಪಿಸಲು ನಾಲ್ಕು ದಿನ ಕಾದೆ. ಕೊಟ್ಟಾಗ ಓದಿ, ನನಗೇ ವಾಪಸ್ ಕೊಟ್ಟಳು. ಪರ್ಸಿನಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ ಎಂದಳು.

ಮುಂದಿನ ತಿಂಗಳು ಅವರು ಮನೆ ಖಾಲಿ ಮಾಡಿದರು. ಆಫೀಸಿಗೆ ಹತ್ತಿರವಾಗಲಿ ಎಂದು ಬಿಟಿಎಂನಲ್ಲಿ ಮನೆ ಹಿಡಿದಿದ್ದೇವೆ ಎಂದ ಅವನು. ಅವಳು ಅಂಗಡಿಯ ಕೆಲಸ ಬಿಟ್ಟಿದ್ದಳು. ಸಾಮಾನು ಸಾಗಿಸುವ ದಿನ ಕೆಳಗೆ ಹೋಗಿ ಕುಂಕುಮ ಕೊಟ್ಟೆ. ಅವನು ಪಕ್ಕದಲ್ಲೇ ನಿಂತಿದ್ದ. ಅವಳು ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ನಾನು ಹಿಂದೆ ಸರಿದೆ.

ಆಮೇಲೆ ಒಂದೇ ಒಂದು ಸಲ ಸಿಕ್ಕಳು, ಸುಮಾರು ಒಂದು ವರ್ಷದ ಮೇಲೆ, ಬನಶಂಕರಿ ಬಸ್ ನಿಲ್ದಾಣದಲ್ಲಿ. ತೆಳ್ಳಗಾಗಿದ್ದಳು. ತಾಯಿ ತೀರಿಕೊಂಡರು ಎಂದಳು. ಹೊಸ ಫೋನಿತ್ತು. ನಾನು ಅದರ ಕಡೆ ನೋಡಿದ್ದು ಅವಳಿಗೆ ತಿಳಿಯಿತು.

‘ಈಗ ನಾನೇ ಲೊಕೇಶನ್ ಆನ್ ಮಾಡಿ ಇಟ್ಟಿರ್ತೀನಿ ಆಂಟಿ. ಮನೆ ಬಿಡೋಕೆ ಮುಂಚೆ ಒಂದು ಫೋಟೋ ಕಳಿಸ್ತೀನಿ, ತಲುಪಿದ ಮೇಲೆ ಒಂದು. ಅವರು ಕೇಳೋದು ತಪ್ಪುತ್ತೆ.’

ಕ್ಷಮಿಸು ಎಂದೆ. ‘ನೀವೇನು ಮಾಡಿದ್ರಿ ಆಂಟಿ’ ಎಂದಳು. ನನ್ನ ತಪ್ಪೇನಿಲ್ಲ ಎಂದು ಸಮಾಧಾನ ಮಾಡಿದಳೋ, ನನ್ನಿಂದ ಏನು ತಾನೇ ಆಯಿತು ಎಂದು ಕೇಳಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಷ್ಟರಲ್ಲಿ ಅವಳ ಫೋನ್ ರಿಂಗಾಯಿತು. ಮೊದಲ ಸದ್ದಿಗೇ ಎತ್ತಿದಳು. ‘ಬಸ್ ಸ್ಟ್ಯಾಂಡಲ್ಲೇ ಇದ್ದೀನಿ. ಇನ್ನೂ ಬಂದಿಲ್ಲ. ಇಲ್ಲ, ಯಾರೂ ಇಲ್ಲ, ಒಬ್ಬಳೇ’ ಎಂದಳು. ಅವಳು ಮಾತು ಮುಗಿಸುವ ಮೊದಲೇ ನಾನು ಜನರ ನಡುವೆ ಸೇರಿಕೊಂಡು, ಅವಳಿಂದ ದೂರ ನಡೆದುಬಿಟ್ಟೆ.