ಗಡಿಕಲ್ಲಿಗೊಂದು ಪೆನ್‌ಡ್ರೈವ್

ನನ್ನ ಫೋನಿನಲ್ಲಿ ಜಾಗ ಮುಗಿದದ್ದು ಒಂದು ಕಲ್ಲಿನಿಂದ. ಸಿದ್ಧಕಟ್ಟೆಯ ಹತ್ತಿರ ನಮ್ಮ ಹಿತ್ತಿಲಿಗೂ ಪಕ್ಕದ ಮನೆಯ ಅಂಗಳಕ್ಕೂ ನಡುವೆ ಆ ಗಡಿಕಲ್ಲು ಇದೆ. ಎರಡು ವರ್ಷದ ಹಿಂದೆ ಬೇಲಿ ಹಾಕಿಸುವಾಗ ಅದು ಒಂದಡಿ ನಮ್ಮ ಕಡೆಗೆ ಸರಿದಂತೆ ನನಗೆ ಕಂಡಿತು. ಕಲ್ಲಿಗೆ ಕಾಲಿಲ್ಲ, ಸರಿಸಿದ್ದು ಪಕ್ಕದ ಮನೆಯವರೇ ಎಂದು ನಾನು ತೀರ್ಮಾನ ಮಾಡಿಬಿಟ್ಟೆ. ಆ ಮನೆಯ ಯಜಮಾನರು ನನಗಿಂತ ಹತ್ತು ವರ್ಷ ದೊಡ್ಡವರು, ಅಲ್ಲಿಯವರೆಗೆ ಅವರನ್ನು ಬಾಯ್ತುಂಬ ಅಣ್ಣ ಎಂದು ಕರೆಯುತ್ತಿದ್ದೆ.

ಆ ದಿನ ಸಿಟ್ಟು ನೆತ್ತಿಗೇರಿ, "ಮಂಜುನಾಥ ಸ್ವಾಮಿಯ ಆಣೆ ಉಂಟು, ಇನ್ನು ನಿಮ್ಮ ಅಂಗಳಕ್ಕೆ ಕಾಲಿಡುವುದಿಲ್ಲ, ನಿಮ್ಮೊಟ್ಟಿಗೆ ಮಾತಾಡುವುದಿಲ್ಲ" ಎಂದೆ. ಅವರೂ ಬಿಡಲಿಲ್ಲ. "ನನಗೂ ಅದೇ ಆಣೆ, ನಿನ್ನೊಟ್ಟಿಗೆ ಒಂದಕ್ಷರ ಮಾತಾಡಿದರೆ ಕೇಳು" ಎಂದರು. ನಮ್ಮ ಕಡೆ ಹಾಗೆ ಆಡಿದ ಮಾತನ್ನು ನುಂಗುವ ಹಾಗಿಲ್ಲ. ಧರ್ಮಸ್ಥಳಕ್ಕೆ ಹೋಗಿ ಕಾಣಿಕೆ ಹಾಕಿ ಆಣೆ ಬಿಡಿಸಿಕೊಂಡ ಮೇಲೆಯೇ ಮತ್ತೆ ಮಾತು, ನೀರು. ಅವರು ಮೊದಲು ಹೋಗಲಿ ಎಂದು ನಾನು, ನಾನು ಮೊದಲು ಹೋಗಲಿ ಎಂದು ಅವರು, ಹೀಗೆ ಇಬ್ಬರೂ ಹೋಗಲಿಲ್ಲ.

ಅಂದಿನಿಂದ ವಾರಕ್ಕೊಮ್ಮೆ ಕಲ್ಲಿನ ವಿಡಿಯೊ ತೆಗೆಯುತ್ತ ಬಂದೆ. ಸರ್ವೆಯವರು ಬಂದರೆ ಸಾಕ್ಷಿ ಬೇಕಲ್ಲ! ಕೊನೆಗೆ ಫೋನು ಜಾಗವಿಲ್ಲ ಎಂದು ಕೈಯೆತ್ತಿತು. ಮೆಮೊರಿ ಕಾರ್ಡ್ ಹಾಕುವ ಎಂದು ಪಿನ್ನು ಚುಚ್ಚಿ ತಟ್ಟೆ ಎಳೆದರೆ ಎರಡು ಸಿಮ್ಮಿಗೆ ಮಾತ್ರ ಗೂಡು. ಇಷ್ಟು ದೊಡ್ಡ ಫೋನಿನಲ್ಲಿ ಉಗುರಿನಷ್ಟು ಕಾರ್ಡಿಗೆ ಜಾಗವಿಲ್ಲವಂತೆ!

"ಆ ಕಲ್ಲಿನ ಜಾತಕ ಅಳಿಸಿ ಮಾರಾಯ್ರೆ, ಜಾಗ ತನ್ನಿಂದ ತಾನೇ ಆಗ್ತದೆ" ಎಂದಳು ಹೆಂಡತಿ.

ನಾನು ಕೇಳಲಿಲ್ಲ. ಮೂಡಬಿದಿರೆಯ ಮೊಬೈಲ್ ಅಂಗಡಿಗೆ ಹೋದೆ. ಅಂಗಡಿಯವರು ಮೊದಲು, ಇಂಟರ್‌ನೆಟ್ಟಿನಲ್ಲಿ ಇಡಬಹುದು ಎಂದರು. ಯಾರದೋ ಕಪಾಟಿನಲ್ಲಿ ನನ್ನ ಸಾಕ್ಷಿ ಇಟ್ಟು, ಅದರ ಬೀಗದ ಕೈಯೂ ಅವರ ಹತ್ತಿರವೇ? ಬೇಡ ಎಂದೆ. ಆಗ ಅವರು ಎರಡು ಮೂತಿಯ ಒಂದು ಪೆನ್‌ಡ್ರೈವ್ ತೆಗೆದರು. ಒಂದು ಮೂತಿ ಫೋನಿನ ಚಾರ್ಜರ್ ತೂತಿಗೆ, ಇನ್ನೊಂದು ಟಿವಿಗೋ ಕಂಪ್ಯೂಟರಿಗೋ.

"ಇದರಲ್ಲಿ ಡೂಪ್ಲಿಕೇಟ್ ಬರ್ತದೆ. ವಿಡಿಯೊದ ಹೆಸರು ಕಾಣ್ತದೆ, ಒಳಗೆ ಏನೂ ಇರುವುದಿಲ್ಲ. ಇದು ಹಾಗಲ್ಲ. ಆದರೂ ಫೋನಿನಿಂದ ಅಳಿಸುವ ಮೊದಲು ಒಂದೆರಡು ತೆರೆದು ನೋಡಿ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಕೇಳದೆ ಇದ್ದರೂ ಇಷ್ಟು ಹೇಳಬೇಕಾದರೆ ಇವರದ್ದೇ ಡೂಪ್ಲಿಕೇಟ್ ಇರಬೇಕು ಎಂದುಕೊಂಡೆ. ಒಂದೆರಡಲ್ಲ, ಎಲ್ಲವನ್ನೂ ನೋಡಿಯೇ ಅಳಿಸುವುದೆಂದು ಮನೆಗೆ ಬಂದು, ವಿಡಿಯೊಗಳನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ, ಅದನ್ನು ಟಿವಿಗೆ ಚುಚ್ಚಿದೆ. ಹೆಂಡತಿ ಪಕ್ಕದಲ್ಲಿ ಬೀಡಿ ಸುತ್ತುತ್ತ ಕೂತಿದ್ದಳು.

ಪೆನ್‌ಡ್ರೈವ್ ಅಸಲಿಯೇ. ಎಲ್ಲವೂ ತೆರೆದವು. ಕಲ್ಲು, ಮತ್ತೆ ಕಲ್ಲು, ಮತ್ತೂ ಕಲ್ಲು. ಒಂದಿಂಚೂ ಸರಿದಿರಲಿಲ್ಲ.

"ಕಲ್ಲು ಸಾಕು. ಅದರ ಹಿಂದೆ ನೋಡಿ" ಎಂದಳು ಹೆಂಡತಿ.

ಹಿಂದೆ ಪಕ್ಕದ ಮನೆಯ ಅಂಗಳ. ಫೋನಿನ ಸಣ್ಣ ಪರದೆಯಲ್ಲಿ ನಾನು ಅದನ್ನು ನೋಡಿಯೇ ಇರಲಿಲ್ಲ. ಮೊದಲಿನ ವಿಡಿಯೊಗಳಲ್ಲಿ ಅಣ್ಣ ಎರಡೂ ಕೈಯಲ್ಲಿ ರಬ್ಬರ್ ಹಾಲಿನ ಕ್ಯಾನು ಹಿಡಿದು ಬೀಸುಗಾಲಲ್ಲಿ ನಡೆಯುತ್ತಿದ್ದರು. ಆಮೇಲೆ ಒಂದೇ ಕ್ಯಾನು. ಆಮೇಲೆ ಜಗಲಿಯ ಕುರ್ಚಿ. ಅಂಗಿ ವಾರವಾರಕ್ಕೂ ದೊಗಲೆಯಾಗುತ್ತಿತ್ತು. ಹೆಚ್ಚಿನವುಗಳಲ್ಲಿ ಅವರು ನನ್ನ ಕಡೆಗೆ ಕೈ ಎತ್ತಿದ್ದರು. ಅದೊಂದನ್ನು ವಿಡಿಯೊ ತೆಗೆಯುವಾಗಲೇ ಕಂಡಿದ್ದೆ, ಬೆದರಿಸುತ್ತಿದ್ದಾರೆ ಎಂದುಕೊಂಡಿದ್ದೆ. ಕೊನೆಯ ಮೂರು ವಿಡಿಯೊಗಳಲ್ಲಿ ಕುರ್ಚಿ ಖಾಲಿ.

"ನಿನಗೆ ಗೊತ್ತಿತ್ತಾ?"

"ಊರಿಗೇ ಗೊತ್ತುಂಟು. ಮಂಗಳೂರಿನ ಆಸ್ಪತ್ರೆಯಿಂದ, ಇನ್ನು ಮನೆಗೆ ಕರ್ಕೊಂಡು ಹೋಗಿ ಅಂತ ಕಳಿಸಿದ್ದಾರೆ. ನಿಮ್ಮ ಹತ್ತಿರ ಅವರ ಸುದ್ದಿ ಎತ್ತಲಿಕ್ಕೆ ಬಿಡ್ತೀರಾ ನೀವು?"

ನಾಚಿಕೆಯಿಂದ ನನಗೆ ಅವಳ ಮುಖ ನೋಡಲಾಗಲಿಲ್ಲ. ಮರುದಿನ ಬೆಳಿಗ್ಗೆಯ ಬಸ್ಸಿಗೇ ಧರ್ಮಸ್ಥಳಕ್ಕೆ ಹೋಗಿ, ಕಾಣಿಕೆ ಹಾಕಿ, ಆಡಿದ ಮಾತು ತಪ್ಪಾಯಿತು ಎಂದು ಕೈಮುಗಿದು, ಮಧ್ಯಾಹ್ನವೇ ತಿರುಗಿ ಬಂದೆ. ಪ್ರಸಾದ ಹಿಡಿದುಕೊಂಡು ನೇರ ಪಕ್ಕದ ಮನೆಯ ಅಂಗಳಕ್ಕೆ ಇಳಿದೆ. ಅವರ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ನನ್ನ ಅಂಗಿಯ ಕಿಸೆಯನ್ನೇ ನೋಡಿದರು.

"ಏನು, ಒಳಗಿನದ್ದೂ ವಿಡಿಯೊ ಆಗಬೇಕಾ?"

ಫೋನು ತೆಗೆದು ಜಗಲಿಯಲ್ಲಿಟ್ಟೆ. "ಅಕ್ಕ, ಆಣೆ ಬಿಡಿಸಿ ಬಂದಿದ್ದೇನೆ. ಅವರು ಕೈ ಎತ್ತಿದ್ದು ನನಗೆ ಅರ್ಥ ಆಗಲಿಲ್ಲ."

"ಕರೆದದ್ದು. ಆಣೆ ಇದ್ದದ್ದು ಬಾಯಿಗೆ, ಕೈಗೆ ಇರಲಿಲ್ಲವಲ್ಲ" ಎಂದು ಅವರು ದಾರಿ ಬಿಟ್ಟರು.

ಅಣ್ಣ ಮಂಚದಲ್ಲಿ ಗೋಡೆಗೆ ಒರಗಿದ್ದರು. ನನ್ನನ್ನು ನೋಡಿ ಕಣ್ಣು ಅರಳಿತು. ಆದರೆ ಮಾತು ಬಂದದ್ದು ತಮ್ಮ ಹೆಂಡತಿಯ ಕಡೆಗೆ. "ಅವನಿಗೆ ಕುಡಿಯಲಿಕ್ಕೆ ಏನಾದರೂ ಕೊಡು."

"ನನಗೇ ಹೇಳಿ ಅಣ್ಣ, ನಾನು ಬಿಡಿಸಿ ಬಂದೆ" ಎಂದೆ.

ಆಗುವುದಿಲ್ಲ ಎಂಬಂತೆ ಅವರು ತಲೆಯಾಡಿಸಿದರು. "ನನ್ನ ಆಣೆ ಹಾಗೇ ಉಂಟು ಅಂತ ಹೇಳು ಅವನಿಗೆ."

ಅವರ ಬದಲಿಗೆ ನಾನೇ ಹೋಗಿ ಬಿಡಿಸುತ್ತೇನೆ ಎಂದೆ. ಆಡಿದ ಬಾಯಿಯೇ ಹೋಗಬೇಕು ಎಂದರು, ಅದನ್ನೂ ಅವರ ಹೆಂಡತಿಗೇ. ಏಳಲಾಗದ ಮನುಷ್ಯನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ? ಹನ್ನೊಂದು ದಿನ, ದಿನಕ್ಕೆರಡು ಸಲ ಹೋಗಿ ಅವರ ಮಂಚದ ಹತ್ತಿರ ಕೂತೆ. ನನಗೆ ಹೇಳಬೇಕಾದ್ದನ್ನೆಲ್ಲ ಅವರು ಹೆಂಡತಿಗೆ ಹೇಳಿದರು, ಅಕ್ಕ ನನಗೆ ಹೇಳಿದರು. ಹನ್ನೆರಡನೆಯ ದಿನ ಬೆಳಿಗ್ಗೆ ಅಣ್ಣ, ಒಂದು ಬೈಗುಳವನ್ನಾದರೂ ನೇರವಾಗಿ ನನ್ನ ಮುಖಕ್ಕೆ ಬೈಯದೆ ಹೋಗಿಬಿಟ್ಟರು.