ಹೊಳ್ಳಿ ಬರುವ ರಾಕೆಟ್ಟು

ಧಾರವಾಡದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಗದಿಗೆಪ್ಪ ಮಾಸ್ತರರು ಯಾವುದನ್ನೂ ಬಿಸಾಡುವವರಲ್ಲ. ರಿಪೇರಿಯಾಗಿ ರಿಪೇರಿಯಾಗಿ ಅವರ ಕೊಡೆಯಲ್ಲಿ ಮೊದಲಿನದೆಂದು ಉಳಿದದ್ದು ಹಿಡಿಕೆಯೊಂದೇ. ರಷ್ಯದವರು ಉಪಗ್ರಹ ಹಾರಿಸಿದಾಗ ಊರೆಲ್ಲ ಬೆರಗಾದರೆ ಇವರು ಮರುಗಿದರು: “ಅಷ್ಟು ಛಲೋ ರಾಕೆಟ್ಟು, ಒಂದ ಸಲಕ್ಕ ಹಾಳಾತಲ್ರಿ!” ಅಂದಿನಿಂದ, ಇಡಿಯಾಗಿ ಮರಳಿ ಬರುವ ರಾಕೆಟ್ಟಿನ ವಿನ್ಯಾಸಕ್ಕೆ ಕೂತರು. ಮದುವೆಯ ಪಂಕ್ತಿಯಲ್ಲೂ ಎಣ್ಣೆಗಾಯಿಯ ತೊಟ್ಟು ಹಿಡಿದು ಮೆಲ್ಲಗೆ ಎಲೆಗೆ ಇಳಿಸಿ, “ಹಿಂಗ ನೆಟ್ಟಗ ಕುಂದರಬೇಕ್ರಿ” ಎಂದು ಪಕ್ಕದವರಿಗೆ ತೋರಿಸುವರು. “ರಾಕೆಟ್ ಎಲ್ಲಿಗೆ ಬಂತ್ರಿ ಮಾಸ್ತರ?” ಎಂದು ಯಾರಾದರೂ ಕೇಳಿದರೆ, “ಮ್ಯಾಲೆ ಹೋಗೇತ್ರಿ, ಇಳಿಸಾಕತ್ತೇನಿ” ಎಂಬುದೇ ಉತ್ತರ. ಇಳಿಯಲು ಇಂಧನ ಬೇಕು, ಆ ಇಂಧನವನ್ನು ಹೊತ್ತೊಯ್ಯಲು ಇನ್ನಷ್ಟು ಇಂಧನ ಬೇಕು. ಹೀಗೆ ವರ್ಷಗಳು ಉರುಳಿದವು. ಒಂದು ದಿನ ಅವರ ವಿದ್ಯಾರ್ಥಿನಿ ಮಹಾನಂದಾ ಹಲಗೆಯ ಮೇಲಿನ ಲೆಕ್ಕ ನೋಡಿ ಅಳುಕುತ್ತಲೇ ಎದ್ದಳು. “ಸರ್, ಎಲ್ಲಾನೂ ಹೊಳ್ಳಿ ಬರಬೇಕಂದ್ರ, ಉಪಗ್ರಹ ಒಯ್ಯಾಕ ಶಕ್ತೀನ ಉಳಿಯಂಗಿಲ್ರಿ.” ಮಾಸ್ತರರು ಲೆಕ್ಕ ಮಾಡಿ ನೋಡಿದರು, ಮತ್ತೊಮ್ಮೆ ಮಾಡಿದರು. “ಖರೇ ಐತವ್ವಾ,” ಎಂದರು ಕೊನೆಗೆ. ಹಲಗೆಯ ಚಿತ್ರದಲ್ಲಿ ರಾಕೆಟ್ಟಿನ ಮೇಲಿನ ಭಾಗ ಮರಳಿ ಬರುವ ಗೆರೆಯನ್ನು ಅಂಗೈಯಿಂದ ನಿಧಾನವಾಗಿ ಒರೆಸಿದರು. “ಇದು ಹೋಗ್ಲಿ. ಕೆಳಗಿನ ಭಾಗ ಅಷ್ಟ ಇಳಿಸೋಣು.” ಅವರ ದನಿ ಸಣ್ಣಗಾಗಿತ್ತು, ಆದರೆ ಕಣ್ಣು ಆಗಲೇ ಹೊಸ ಲೆಕ್ಕದತ್ತ ಓಡುತ್ತಿತ್ತು. ಇಷ್ಟು ವರ್ಷ ಯಾರ ಕೈಗೂ ಕೊಡದ ಸೀಮೆಸುಣ್ಣವನ್ನು ಅವಳತ್ತ ಚಾಚಿದರು: “ಬಾರವ್ವಾ, ಮುಂದಿಂದು ನೀನ ಮಾಡು.”