ಹಾಲಿನ ಸಿದ್ದಗಂಗಮ್ಮನ ಮನೆಯವರು

ಬೆಂಗಳೂರಿನ ಬನಶಂಕರಿ ಎರಡನೇ ಹಂತದ ತಿರುವಿನಲ್ಲಿ ಹಾಲಿನ ವ್ಯಾನು ಬಂದು ನಿಲ್ಲುವಾಗ ಇನ್ನೂ ಬೆಳಕು ಹರಿದಿಲ್ಲ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಸಿದ್ದಗಂಗಮ್ಮ ಬೀದಿದೀಪದ ಕೆಳಗೆ ಕ್ರೇಟುಗಳನ್ನು ಇಳಿಸಿಕೊಳ್ಳುತ್ತಾರೆ. ಸೋರುವ ಪೊಟ್ಟಣಗಳನ್ನು ಒಂದು ಬಕೆಟ್ಟಿಗೆ ಹಾಕಿ, ಉಳಿದವನ್ನು ಮೊಪೆಡ್ಡಿನ ಎರಡೂ ಬದಿಯ ಚೀಲಗಳಿಗೆ ತುಂಬುತ್ತಾರೆ. ನಾಯಿಗಳು ಅವರನ್ನು ಕಂಡು ಬೊಗಳುವುದಿಲ್ಲ. "ಇವಕ್ಕೆ ನನ್ ಗಾಡಿ ಸೌಂಡು ಗೊತ್ತು ಮೇಡಂ. ಹೊಸಬ್ರು ಯಾರಾದ್ರೂ ಬಂದ್ರೆ ಮಾತ್ರ ಗಲಾಟೆ," ಎನ್ನುತ್ತಾ, ವರದಿಗೆಂದು ಜೊತೆಗೆ ಬಂದ ನನ್ನತ್ತ ನೋಡಿ ನಗುತ್ತಾರೆ.

ಬೆಳಗಾಗುವಷ್ಟರಲ್ಲಿ ನೂರಕ್ಕೂ ಹೆಚ್ಚು ಮನೆಗಳಿಗೆ ಹಾಲು ಮುಟ್ಟಬೇಕು. ಕೆಲವರು ಗೇಟಿಗೆ ಚೀಲ ಕಟ್ಟಿರುತ್ತಾರೆ, ಕೆಲವರು ಮೂರನೇ ಮಹಡಿಯಿಂದ ಬುಟ್ಟಿ ಇಳಿಬಿಡುತ್ತಾರೆ. ಹನ್ನೊಂದು ವರ್ಷಗಳಿಂದ ಇದೇ ಕೆಲಸ. ಜ್ವರ ಬಂದರೂ ರಜೆಯಿಲ್ಲ. ಬಂದ್ ದಿನಗಳಲ್ಲಿ ಕಲ್ಲು ಬೀಳುವ ಮೊದಲೇ ಹಾಲು ಹಂಚಿ ಮುಗಿಸಿರುತ್ತಾರೆ.

ಸಿದ್ದಗಂಗಮ್ಮ ಗುಬ್ಬಿ ಕಡೆಯವರು. ನೋಡಲು ಬಂದ ಮೂರು ಗಂಡುಗಳನ್ನೂ ಬೇಡವೆಂದ ಮೇಲೆ ಅಪ್ಪ ಮಾತು ಬಿಟ್ಟರು. ವಿಲ್ಸನ್ ಗಾರ್ಡನ್ನಿನ ಚಿಕ್ಕಮ್ಮನ ಮನೆ ಸೇರಿ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸ ಹಿಡಿದರು. ಪಕ್ಕದ ಮಿಷನ್ನಿನಲ್ಲಿ ಗದಗ ಕಡೆಯ ಉಮಾಶ್ರೀ ಇದ್ದರು. 1994ರಲ್ಲಿ ಇಬ್ಬರೂ ಕತ್ರಿಗುಪ್ಪೆಯಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದರು. ಕೇಳಿದವರಿಗೆ ಅಕ್ಕ-ತಂಗಿ ಎಂದು ಹೇಳಿದರು. ಒಬ್ಬರದು ತುಮಕೂರಿನ ಮಾತು, ಇನ್ನೊಬ್ಬರದು ಗದುಗಿನ ಮಾತು. ಆದರೂ ಯಾರೂ ಹೆಚ್ಚಿಗೆ ವಿಚಾರಿಸಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಉಮಾಶ್ರೀ ಮನೆಯಲ್ಲೇ ರವಿಕೆ ಹೊಲಿಯಲು ಕೂತರು, ಸಿದ್ದಗಂಗಮ್ಮ ಹಾಲಿಗೆ ಇಳಿದರು.

ಅಕ್ಕ-ತಂಗಿಯ ಮಾತು ಹನ್ನೆರಡು ವರ್ಷ ನಡೆಯಿತು. 2006ರ ಒಂದು ಮಧ್ಯಾಹ್ನ ಉಮಾಶ್ರೀಗೆ ತಡೆಯಲಾರದ ಹೊಟ್ಟೆನೋವು ಬಂತು. ಹತ್ತಿರದ ನರ್ಸಿಂಗ್ ಹೋಮಿನವರು ಅಪೆಂಡಿಕ್ಸ್ ಎಂದರು, ಕೂಡಲೇ ಆಪರೇಷನ್ ಆಗಬೇಕು, ಮನೆಯವರು ಸಹಿ ಹಾಕಬೇಕು ಎಂದರು.

"ನಾನೇ ಮನೆಯವಳು ಅಂದೆ. ಏನಾಗ್ಬೇಕು ಅಂತ ಕೇಳಿದ್ರು. ಅಕ್ಕ ಅಂದೆ. ತಂದೆ ಹೆಸರು ಕೇಳಿದ್ರು, ನಮ್ಮಪ್ಪನ ಹೆಸರು ಬಾಯಿಗೆ ಬಂತು. ಅವಳು ಒಳಗೆ ಅವರಪ್ಪನ ಹೆಸರು ಹೇಳಿದ್ಲು. ಅಷ್ಟೇ, ಸಿಕ್ಕಿಬಿದ್ವಿ," ಎನ್ನುತ್ತಾರೆ ಸಿದ್ದಗಂಗಮ್ಮ. ರಕ್ತಸಂಬಂಧಿಗಳೇ ಬರಬೇಕು ಎಂದು ನರ್ಸಿಂಗ್ ಹೋಮಿನವರು ಹಟ ಹಿಡಿದರು. ಗದಗಿನಲ್ಲಿದ್ದ ಅಣ್ಣ ಮೌನೇಶನಿಗೆ ಫೋನ್ ಹೋಯಿತು. ಆತ ಬಸ್ಸು ಹಿಡಿದು ಬಂದು ಸಹಿ ಹಾಕುವಾಗ ಮರುದಿನ ಬೆಳಗಾಗಿತ್ತು. ಅಷ್ಟರಲ್ಲಿ ಅಪೆಂಡಿಕ್ಸ್ ಒಡೆದು ನಂಜು ಹೊಟ್ಟೆಗೆ ಹರಡಿತ್ತು. ನಾಲ್ಕು ದಿನದಲ್ಲಿ ಮನೆಗೆ ಬರಬೇಕಿದ್ದವರು ತಿಂಗಳ ಹತ್ತಿರ ಮಲಗಿದರು.

ಬಿಡುಗಡೆಯ ದಿನ ಮೌನೇಶ ತಂಗಿಯನ್ನು ಊರಿಗೆ ಕರೆದೊಯ್ಯಲು ಗಾಡಿ ತಂದು ನಿಲ್ಲಿಸಿದ. ಉಮಾಶ್ರೀ ಹಾಸಿಗೆಯಿಂದ ಏಳಲಿಲ್ಲ.

"ನಾ ಬರಂಗಿಲ್ಲ ಅಣ್ಣಾ. ನನ್ನ ಮನಿ ಕತ್ರಿಗುಪ್ಪಿಯೊಳಗ ಐತಿ."

"ಅದೆಂಥಾ ಮನಿ? ಅಕಿ ನಿನಗ ಏನಾಗಬೇಕು?"

"ವೈನಿ ನಿನಗ ಏನಾಗಬೇಕೋ, ಅಕಿ ನನಗ ಅದ."

ವೈನಿ ಎಂದರೆ ಅತ್ತಿಗೆ. ವಾರ್ಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು. ಮೌನೇಶ ಕೂಗಾಡಿ ಹೊರಟುಹೋದ, ಮತ್ತೆ ಬಂದಿಲ್ಲ. ಅಲ್ಲಿ ಕೆಲಸಕ್ಕಿದ್ದ ಆಯಾ ಒಬ್ಬರ ಮನೆ ಇವರ ಬೀದಿಯಲ್ಲೇ ಇತ್ತು. ವಾರದೊಳಗೆ ಮನೆ ಮಾಲೀಕರು ಖಾಲಿ ಮಾಡಿ ಎಂದರು. ಮೂವತ್ತಕ್ಕೂ ಹೆಚ್ಚು ಮನೆಗಳು ಹಾಲು ನಿಲ್ಲಿಸಿದವು. ಹೊಲಿಗೆ ಹಾಕಿದ ಹೊಟ್ಟೆಯ ಉಮಾಶ್ರೀಯನ್ನು ಆಟೋದಲ್ಲಿ ಕೂರಿಸಿಕೊಂಡು ಸಿದ್ದಗಂಗಮ್ಮ ಬಾಡಿಗೆ ಮನೆ ಹುಡುಕಿದರು. ಕೊನೆಗೆ ಹೊಸಕೆರೆಹಳ್ಳಿಯಲ್ಲಿ ಈಗಿರುವ ಮನೆ ಸಿಕ್ಕಿತು. "ಇಲ್ಲಿ ಮುಂಚೆನೇ ಹೇಳ್ಬಿಟ್ವಿ. ಓನರ್ ಅಜ್ಜಿಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ನೀರು ಜಾಸ್ತಿ ಖರ್ಚು ಮಾಡ್ಬೇಡಿ ಅಂದ್ರು, ಅಷ್ಟೇ."

ಈ ಜುಲೈನಲ್ಲಿ, 2009ರಲ್ಲಿ, ದೆಹಲಿ ಹೈಕೋರ್ಟಿನ ತೀರ್ಪು ಬಂದ ಮೇಲೆ ಟಿವಿಯಲ್ಲಿ ದಿನವೂ ಚರ್ಚೆ. ಒಂದೇ ಲಿಂಗದ ವಯಸ್ಕರಿಬ್ಬರು ಒಪ್ಪಿ ಕೂಡಿದರೆ ಅಪರಾಧವಲ್ಲ ಎಂದಷ್ಟೇ ನ್ಯಾಯಾಲಯ ಹೇಳಿದೆ. ಮದುವೆಯ ಮಾತು ಅದರಲ್ಲಿಲ್ಲ. ವಿಶೇಷ ವಿವಾಹ ಕಾಯ್ದೆ ಗಂಡಿಗೆ ಇಂತಿಷ್ಟು, ಹೆಣ್ಣಿಗೆ ಇಂತಿಷ್ಟು ವಯಸ್ಸಾಗಿರಬೇಕು ಎನ್ನುತ್ತದೆ. ಇಬ್ಬರು ಹೆಂಗಸರಿಗೆ ಅಲ್ಲಿ ಜಾಗವಿಲ್ಲ.

ಚರ್ಚೆ ಹಾಲು ಹಾಕುವ ಮನೆಗಳ ಗೇಟಿಗೂ ಬಂದಿದೆ. ನಿವೃತ್ತ ಬ್ಯಾಂಕ್ ಅಧಿಕಾರಿ ಅನಂತಪದ್ಮನಾಭ ಪೇಪರು ಹಿಡಿದೇ ನಿಂತಿರುತ್ತಾರೆ. "ನೋಡಮ್ಮ, ಜೈಲಿಗೆ ಹಾಕೋದು ತಪ್ಪು, ಒಪ್ತೀನಿ. ಆದ್ರೆ ಮದುವೆ ಅಂದ್ರೆ ಗಂಡು-ಹೆಣ್ಣು. ಅದರ ಅರ್ಥ ಕೋರ್ಟು ಬದಲಾಯಿಸ್ಬಾರ್ದು."

"ಹೋದ್ ವರ್ಷ ಆಂಟಿಗೆ ಹಾರ್ಟ್ ಆಪರೇಷನ್ ಆದಾಗ ನೀವ್ಯಾರು ಅಂತ ಯಾರಾದ್ರೂ ಕೇಳಿದ್ರಾ ಸಾರ್?"

"ಅದಕ್ಕೆ ಬೇರೆ ಕಾನೂನು ಮಾಡ್ಲಿ. ಮದುವೆ ಅಂತಾನೇ ಯಾಕೆ ಕರೀಬೇಕು?"

ಸಿದ್ದಗಂಗಮ್ಮ ಎರಡು ಪೊಟ್ಟಣ ಕೊಟ್ಟು ಗಾಡಿ ಏರುತ್ತಾರೆ. ಆಮೇಲೆ ಅನಂತಪದ್ಮನಾಭ ನನಗೆ ಹೇಳಿದ್ದು: "ನನ್ ಅಭಿಪ್ರಾಯ ಬದಲಾಗಲ್ಲ. ಆದ್ರೆ ಆವತ್ತು ಪಕ್ಕದವರೆಲ್ಲ ಹಾಲು ನಿಲ್ಸಿದಾಗ ನಾನು ನಿಲ್ಸಲಿಲ್ಲ. ಅದನ್ನೂ ಬರೀರಿ."

ಹೆಸರು ಬದಲಿಸಿ ಬರೆಯಲೇ ಎಂದರೆ ಸಿದ್ದಗಂಗಮ್ಮ ಬೇಡ ಎನ್ನುತ್ತಾರೆ. "ಏರಿಯಾಗೆಲ್ಲ ಗೊತ್ತಾಗಿದೆ. ಇನ್ಯಾರಿಂದ ಮುಚ್ಚಿಡ್ಲಿ?"

ಕೆಲಸ ಮುಗಿದು ಮನೆಯಲ್ಲಿ ಕೂತಾಗ ಬಿಸಿಲು ಹೊಸ್ತಿಲು ದಾಟಿದೆ. ಉಮಾಶ್ರೀ ಮಿಷನ್ನಿನ ಮುಂದೆ ರವಿಕೆಗೆ ತೋಳು ಕೂಡಿಸುತ್ತಿದ್ದಾರೆ. ಕಾನೂನಿನಿಂದ ನಿಮಗೇನು ಬೇಕು ಎಂದು ಕೇಳುತ್ತೇನೆ.

"ಮದುವೆ ಅನ್ನೋದೆಲ್ಲ ದೊಡ್ ಮಾತು ಮೇಡಂ, ಅದು ಅವ್ರಿಗೇ ಇರ್ಲಿ," ಎನ್ನುತ್ತಾರೆ ಸಿದ್ದಗಂಗಮ್ಮ. "ಆಸ್ಪತ್ರೇಲಿ ಸೈನ್ ಹಾಕೋಕೆ ಬಿಟ್ರೆ ಸಾಕು ನಂಗೆ."

ಮಿಷನ್ ನಿಲ್ಲುತ್ತದೆ.

"ಅದನ್ನ ಬರಕೋಬ್ಯಾಡ್ರಿ ಮೇಡಂ," ಎನ್ನುತ್ತಾರೆ ಉಮಾಶ್ರೀ. "ಇಕಿ ಯಾವಾಗ್ಲೂ ಹಿಂಗ, ಕಮ್ಮಿ ಕೇಳ್ತಾಳ. ನನಗ ಮದುವಿನ ಬೇಕು. ಹೊಸಾ ಸೀರಿ ಉಟ್ಟು, ನಾಕ್ ಮಂದಿ ಮುಂದ, ಇಕಿ ಜೋಡಿ."

ಸಿದ್ದಗಂಗಮ್ಮ ಅವರತ್ತ ತಿರುಗುತ್ತಾರೆ. "ಇಷ್ಟು ವರ್ಷದಲ್ಲಿ ಒಂದ್ಸಲಾನೂ ಹೇಳಿಲ್ವಲ್ಲೇ ನೀನು."

"ನೀ ಕೇಳಿಲ್ಲ."

ಸಿದ್ದಗಂಗಮ್ಮ ತಗ್ಗಿದ ದನಿಯಲ್ಲಿ ನನಗೆ ಹೇಳುತ್ತಾರೆ: "ಹಂಗಾದ್ರೆ ನಾನ್ ಹೇಳಿದ್ದು ಹೊಡೆದಾಕಿ ಮೇಡಂ. ಇವಳು ಹೇಳಿದ್ದೇ ಬರ್ಕೊಳ್ಳಿ."